ಪೆಟ್ಟು ತಪ್ಪಿಸುವ ವಿದ್ಯೆ

ಉತ್ತರ ಚೆನ್ನೈನಲ್ಲಿ ಬಾಕ್ಸಿಂಗ್ ಬಗ್ಗೆ ಮಾತಾಡಲು ಬಾಕ್ಸರ್ ಆಗಿರಬೇಕಿಲ್ಲ. ರಾಯಪುರಂ, ಕಾಸಿಮೇಡು, ವ್ಯಾಸರ್‌ಪಾಡಿ ಕಡೆಯ ಯಾವುದೇ ಟೀ ಅಂಗಡಿಯಲ್ಲಿ ಅರವತ್ತು ದಾಟಿದವರ ಪಕ್ಕ ಕೂತು ಮಾತು ತೆಗೆದರೆ ಸಾಕು, ಸಾರ್ಪಟ್ಟಾ ಪರಂಪರೆಯವರು, ಇಡಿಯಪ್ಪ ಪರಂಪರೆಯವರು ಅಂತ ಹಳೆಯ ಬಣಗಳ ಪೈಪೋಟಿ ಮತ್ತೆ ಶುರುವಾಗುತ್ತದೆ. 2021ರಲ್ಲಿ ಪಾ. ರಂಜಿತ್ ಅವರ ‘ಸಾರ್ಪಟ್ಟಾ ಪರಂಪರೈ’ ಸಿನಿಮಾ ಬಂದ ಮೇಲಂತೂ ಚಿಕ್ಕ ಹುಡುಗರಿಗೂ ಈ ಕಥೆ ಬಾಯಿಪಾಠ. 1980ರಲ್ಲಿ ಮುಹಮ್ಮದ್ ಅಲಿ ಮದ್ರಾಸಿಗೆ ಬಂದು ಜಿಮ್ಮಿ ಎಲ್ಲಿಸ್ ಜೊತೆ ನೆಹರೂ ಸ್ಟೇಡಿಯಂನಲ್ಲಿ ಪ್ರದರ್ಶನ ಪಂದ್ಯ ಆಡಿದರಲ್ಲ, ಅದನ್ನು ಕಣ್ಣಾರೆ ಕಂಡೆವು ಅನ್ನುವವರನ್ನೆಲ್ಲ ಲೆಕ್ಕ ಹಾಕಿದರೆ ಆ ಸ್ಟೇಡಿಯಂನಲ್ಲಿ ಅರ್ಧ ಮದ್ರಾಸೇ ಕೂತಿತ್ತೇನೋ ಅನಿಸುತ್ತದೆ. 1994ರ ಬ್ಯಾಂಕಾಕ್ ವಿಶ್ವಕಪ್‌ನಲ್ಲಿ ಕಂಚು ಗೆದ್ದ ವಿ. ದೇವರಾಜನ್ ಕೂಡ ಈ ಊರಿನವರೇ.

ಬ್ಯಾಂಕಿನ ವರ್ಗಾವಣೆ ಮೇಲೆ ಮೈಸೂರಿನಿಂದ ಇಲ್ಲಿಗೆ ಬಂದಾಗ ನನಗೆ ನಲವತ್ತು ದಾಟಿತ್ತು. ಪೆರಂಬೂರಿನಲ್ಲಿ ಮನೆ, ವ್ಯಾಸರ್‌ಪಾಡಿಯಲ್ಲಿ ತಗಡಿನ ಶೀಟ್ ಹೊದಿಸಿದ ಒಂದು ಜಿಮ್. ಕಿಟಕಿ ಸರಳಿಗೆ ಕೈಗೆ ಸುತ್ತುವ ಬ್ಯಾಂಡೇಜ್‌ಗಳನ್ನು ಸಾಲಾಗಿ ಹರವಿರುತ್ತಾರೆ. ಚೆನ್ನೈನ ಸೆಕೆಯಲ್ಲಿ ಅವು ಪೂರ್ತಿ ಒಣಗಿದ್ದನ್ನು ನಾನಂತೂ ಕಂಡಿಲ್ಲ. ಕಲಿಸುವವರು ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆ ಸೇರಿ ನಿವೃತ್ತರಾದವರು, ಎಲ್ಲರಿಗೂ ‘ಮಾಸ್ಟರ್’. ನನ್ನ ವಯಸ್ಸು ಕೇಳಿ, ಹತ್ತು ನಿಮಿಷ ಹಗ್ಗ ಜಿಗಿಸಿ ನೋಡಿ, ನಿಮಗಿನ್ನು ಸ್ಪೀಡ್ ಬರುವುದಿಲ್ಲ ಸಾರ್, ಡಿಫೆನ್ಸ್ ಕಲಿಯಿರಿ, ಕೌಂಟರ್ ಕಲಿಯಿರಿ ಅಂದರು.

ಕೌಂಟರ್‌ನ ಲೆಕ್ಕ ಸರಳ. ಎದುರಾಳಿ ಹೊಡೆಯಲು ಬಂದಾಗ ಅವನ ಒಂದು ಕೈ ಮುಖದ ಕಾವಲು ಬಿಟ್ಟು ಹೊರಗೆ ಬಂದಿರುತ್ತದೆ, ಮೈಭಾರ ಮುಂದಕ್ಕೆ ಬಿದ್ದಿರುತ್ತದೆ. ಆ ಗಳಿಗೆಯಲ್ಲಿ ಅವನು ತಡೆಯಲೂ ಆರ, ಹಿಂದೆ ಸರಿಯಲೂ ಆರ. ಅವನೇ ಮುಂದೆ ಬರುತ್ತಿರುವುದರಿಂದ ನಮ್ಮ ಸಣ್ಣ ಪೆಟ್ಟಿಗೂ ಅವನ ಭಾರ ಸೇರುತ್ತದೆ. 2012ರ ಡಿಸೆಂಬರ್ 8ರಂದು ಲಾಸ್ ವೇಗಸ್‌ನಲ್ಲಿ ಮ್ಯಾನಿ ಪ್ಯಾಕಿಯಾವೊ ಬಿದ್ದದ್ದು ಹೀಗೆ. ಅಂಕಗಳಲ್ಲಿ ಮುಂದಿದ್ದ ಅವರು ಆರನೇ ರೌಂಡಿನ ಕೊನೆಯಲ್ಲಿ ನುಗ್ಗಿದರು. ಹ್ವಾನ್ ಮ್ಯಾನುಯೆಲ್ ಮಾರ್ಕೆಜ್ ಅವರ ಬಲಗೈ ಅಲ್ಲೇ ಕಾದಿತ್ತು. ಮಾರ್ಕೆಜ್‌ಗೆ ಆಗ 39 ವರ್ಷ. ಮಾಸ್ಟರ್ ಈ ವಿಡಿಯೊವನ್ನು ಫೋನಿನಲ್ಲಿ ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಿದ್ದರು, ಪೆಟ್ಟಿಗಿಂತ ಮಾರ್ಕೆಜ್ ಕಾಲಿಟ್ಟ ಜಾಗ ನೋಡಿ ಎನ್ನುತ್ತಿದ್ದರು.

ಹೊರಗಿನಿಂದ ನೋಡಿದವರಿಗೆ ಇದು ಮಿಂಚಿನ ಚುರುಕಿನ ಆಟ. ಆದರೆ ದೀಪ ಹೊತ್ತಿದ್ದು ಕಂಡು ಒಂದು ಗುಂಡಿ ಒತ್ತುವುದಕ್ಕೇ ಮನುಷ್ಯನಿಗೆ ಸುಮಾರು ಕಾಲು ಸೆಕೆಂಡ್ ಹಿಡಿಯುತ್ತದೆ. ಒಳ್ಳೆಯ ಜ್ಯಾಬ್, ಅಂದರೆ ಮುಂದಿರುವ ಕೈಯ ನೇರ ಪೆಟ್ಟು, ಅಷ್ಟು ಹೊತ್ತು ಕಾಯುವುದಿಲ್ಲ. ಗ್ಲೌಸ್ ಹೊರಟ ಮೇಲೆ ನೋಡಿ ತಪ್ಪಿಸಿಕೊಂಡೆ ಅನ್ನುವವರ ಮಾತನ್ನು ನಾನೀಗ ನಂಬುವುದಿಲ್ಲ. ನೋಡಬೇಕಾದ್ದು ಅದಕ್ಕೂ ಮುಂಚಿನದು: ಭುಜ ಚೂರು ಏಳುವುದು, ಮುಂಗಾಲಿನ ಮೇಲೆ ಭಾರ ಬೀಳುವುದು, ಮೊಣಕೈ ಪಕ್ಕೆ ಬಿಡುವುದು. ಇವೆಲ್ಲ ಒಟ್ಟಿಗೆ ಕಾಣಬೇಕಾದರೆ ದೃಷ್ಟಿ ಎದುರಾಳಿಯ ಎದೆಯ ಮೇಲಿರಬೇಕು.

ಅದಕ್ಕೆ ಮೊದಲು ಕಣ್ಣು ತೆರೆದಿರಬೇಕಲ್ಲ! ಮುಖಕ್ಕೆ ಏನಾದರೂ ಬಂದರೆ ರೆಪ್ಪೆ ತಾನಾಗಿ ಮುಚ್ಚುತ್ತದೆ. ಮಾಸ್ಟರ್ ಹಳೆಯ ಗ್ಲೌಸ್ ಹಾಕಿಕೊಂಡು ಎದುರು ನಿಂತು, ಹಣೆಗೆ, ಕೆನ್ನೆಗೆ, ಮತ್ತೆ ಹಣೆಗೆ ಮೆಲ್ಲಗೆ ತಟ್ಟುತ್ತಲೇ ಇರುತ್ತಿದ್ದರು. ನಾನು ತಡೆಯುವ ಹಾಗಿಲ್ಲ, ಸರಿಯುವ ಹಾಗಿಲ್ಲ. ಮೂಗಿನಿಂದ ಉಸಿರು ಬಿಡುತ್ತ ನೋಡುತ್ತಿರಬೇಕು. “ಕಣ್ಣ ಮೂಡಾದೀಂಗ ಸಾರ್”, ಕಣ್ಣು ಮುಚ್ಚಬೇಡಿ ಸಾರ್, ಅನ್ನುವುದೊಂದೇ ಮಾತು. ಮೂರು ನಿಮಿಷಕ್ಕೆ ಗಂಟೆ ಬಾರಿಸುವ ಹೊತ್ತಿಗೆ ಕಣ್ಣಲ್ಲಿ ಬೆವರೂ ನೀರೂ ಒಂದೇ ಆಗಿರುತ್ತಿತ್ತು. ಬೇಸರದ ಅಭ್ಯಾಸ. ಆದರೆ ನಾನು ಕಲಿತ ಉಳಿದೆಲ್ಲವೂ ಇದರ ಮೇಲೆ ನಿಂತಿದೆ.

ಆಮೇಲೆ ಹಗ್ಗ. ಎರಡು ಕಂಬಗಳ ನಡುವೆ ಭುಜದ ಎತ್ತರಕ್ಕೆ ಬಿಗಿದ ನೈಲಾನ್ ಹಗ್ಗ. ಗಾರ್ಡ್ ಇಳಿಸದೆ ಅದರ ಆಚೆ ಒಮ್ಮೆ, ಈಚೆ ಒಮ್ಮೆ ತಲೆ ನುಸುಳಿಸುತ್ತ ಉದ್ದಕ್ಕೂ ನಡೆಯಬೇಕು. ಬಗ್ಗಬೇಕಾದ್ದು ಮೊಣಕಾಲು. ಸೊಂಟ ಬಗ್ಗಿತೋ, ಕಣ್ಣು ನೆಲ ನೋಡುತ್ತದೆ, ಕೆಳಗಿನಿಂದ ಬರುವ ಅಪ್ಪರ್‌ಕಟ್‌ಗೆ ಗಲ್ಲವನ್ನು ನಾವೇ ಒಪ್ಪಿಸಿದ ಹಾಗೆ. ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ ತಗಡಿನ ಕೆಳಗೆ ಇದನ್ನು ಮಾಡಿದವರಿಗೆ ತೊಡೆ ಅಂದರೇನೆಂದು ಚೆನ್ನಾಗಿ ಗೊತ್ತಾಗುತ್ತದೆ.

ತಲೆ ಎತ್ತ ವಾಲಿಸಿದರೆ ಯಾವ ಕೈಗೆ ಜೀವ ಬರುತ್ತದೆ ಎಂಬುದು ನನಗೆ ಈ ಹಗ್ಗದ ಕೆಳಗೇ ಹೊಳೆದದ್ದು. ಎಡಗಾಲು ಮುಂದಿಟ್ಟು ನಿಲ್ಲುವ ನಾನು ಎದುರಿನವನ ಜ್ಯಾಬ್‌ಗೆ ಬಲಕ್ಕೆ ವಾಲಿದರೆ ಭಾರ ಬಲಗಾಲಿಗೆ ಬಂದು ಬಲಗೈ ಹೊರಡಲು ಸಿದ್ಧ. ಎಡಕ್ಕೆ ವಾಲಿದರೆ ಎಡಗೈ ಹುಕ್ ಸಿದ್ಧ, ಆದರೆ ತಲೆ ಅವನ ಬಲಗೈ ದಾರಿಗೆ ಬರುತ್ತದೆ. ಅಂದರೆ ತಪ್ಪಿಸಿಕೊಳ್ಳುವ ಚಲನೆಯೇ ಹೊಡೆತದ ಮೊದಲರ್ಧ. ಅಂಗೈಯಿಂದ ಜ್ಯಾಬ್ ತಟ್ಟಿಹಾಕುವುದೂ ಅಷ್ಟೇ. ಕೈ ಮುಖದಿಂದ ನಾಲ್ಕು ಬೆರಳು ದೂರ ಹೋದರೆ ಹೆಚ್ಚು. ಅದನ್ನು ಹಿಡಿಯಲು ಮುಂದೆ ಚಾಚುವವನನ್ನು ಒಂದು ಹುಸಿ ಪೆಟ್ಟಿನಿಂದ ಆಚೆ ಎಳೆದು ಪಕ್ಕದಿಂದ ಹುಕ್ ಬಿಡುತ್ತಾರೆ.

ಸ್ಪಾರಿಂಗ್‌ನಲ್ಲಿ ಮೊದಮೊದಲು ನನಗೆ ಹೊಡೆಯಲು ಅನುಮತಿಯೇ ಇರಲಿಲ್ಲ. ಎದುರಿನವನು ಹೊಡೆಯಬಹುದು, ನಾನು ತಪ್ಪಿಸಿಕೊಳ್ಳಬೇಕು, ಅದೂ ರಿಂಗಿನ ಹಗ್ಗಕ್ಕೆ ಬೆನ್ನು ಕೊಡದೆ. ನನ್ನ ಜೊತೆಗಾರ ಕಾಸಿಮೇಡಿನ ಮೀನು ಬಂದರಿನಲ್ಲಿ ಐಸ್ ಹೊರುವ ಹುಡುಗ. ರಿಂಗಿನ ಹೊರಗೆ ‘ಸಾರ್’, ಒಳಗೂ ‘ಸಾರ್’: ಪ್ರತಿ ಪೆಟ್ಟಿನ ಬೆನ್ನಿಗೂ “ಸಾರಿ ಸಾರ್”. ಆ ಸಾರಿಗಳೇ ಹೆಚ್ಚು ನೋಯುತ್ತಿದ್ದವು. ಹೊಡೆಯುವ ಚಿಂತೆ ಇಲ್ಲದಾಗ ನೋಡಲು ಬಿಡುವು ಸಿಗುತ್ತದೆ. ಜ್ಯಾಬ್ ಬಿಟ್ಟ ಮೇಲೆ ಅವನು ಕೈಯನ್ನು ಕೆನ್ನೆಗೆ ವಾಪಸ್ ತರುತ್ತಿರಲಿಲ್ಲ, ಎದೆಮಟ್ಟಕ್ಕೆ ಇಳಿಸಿ ಎಳೆದುಕೊಳ್ಳುತ್ತಿದ್ದ. ಹೊಡೆಯುವ ಆತುರವಿದ್ದಿದ್ದರೆ ಇದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ರೌಂಡಿಗೆ ಒಂದೇ ಪೆಟ್ಟು ಎಂಬ ರಿಯಾಯಿತಿ ಸಿಕ್ಕ ಸಂಜೆ ಅದನ್ನು ಬಳಸಿದೆ. ಅವನ ಪ್ರತಿ ಜ್ಯಾಬ್‌ಗೂ ಅರ್ಧ ಹೆಜ್ಜೆ ಹಿಂದೆ ಸರಿಯುತ್ತ ಹೋದೆ. ನಾನು ಸರಿಯುತ್ತೇನೆ ಎಂದು ಅವನ ಕಾಲಿಗೆ ನಂಬಿಕೆ ಬಂದು ಹೆಜ್ಜೆ ಉದ್ದವಾಯಿತು. ಆಗ ಸರಿಯದೆ ನಿಂತು ಬಲಕ್ಕೆ ವಾಲಿದೆ, ಜ್ಯಾಬ್ ಕಿವಿಯ ಪಕ್ಕ ಹೋಯಿತು, ಆ ಕೈ ಕೆಳಗಿಳಿದು ವಾಪಸಾಗುವ ದಾರಿಯಲ್ಲಿ ನನ್ನ ಬಲಗೈ ಅವನ ಹೆಡ್‌ಗಾರ್ಡ್‌ಗೆ ಬಡಿಯಿತು. ಜೋರಾಗಿಯೇನೂ ಇರಲಿಲ್ಲ. ಅವನು “ಸೂಪರ್ ಸಾರ್!” ಎಂದು ನಕ್ಕ. ಮುಂದಿನ ರೌಂಡಿಗೆ ಕೈ ಕೆನ್ನೆಗೆ ತರುವುದನ್ನು ಕಲಿತೇ ಬಂದು ಚೆನ್ನಾಗಿ ಬಾರಿಸಿದ. ಇಪ್ಪತ್ತರ ಹರೆಯ, ಏನು ಹೇಳುವುದು.

ಕೌಂಟರ್ ಬಾಕ್ಸರ್ ಸುಮ್ಮನೆ ಕಾಯುತ್ತಾನೆ ಎಂಬ ಮಾತಿಗೆ ನನ್ನ ಒಪ್ಪಿಗೆ ಇಲ್ಲದಿರುವುದು ಇದರಿಂದಲೇ. ಎದುರಿನವನು ಯಾವ ಪೆಟ್ಟು ಬಿಡಬೇಕು, ಎಲ್ಲಿಂದ ಬಿಡಬೇಕು ಎಂದು ಮೊದಲೇ ಗೊತ್ತುಮಾಡಿ ಅವನಿಂದ ಅದನ್ನೇ ಬಿಡಿಸಬೇಕು. ನಿಲ್ಲುವ ದೂರ, ಬೇಕೆಂದೇ ಚೂರು ಇಳಿಸಿದ ಎಡಗೈ, ಆಗಾಗ ತೋರಿಸುವ ನಮ್ಮದೇ ಜ್ಯಾಬ್, ಇವೆಲ್ಲ ಅದಕ್ಕೆ. ಬರೀ ಕಾದು ನಿಂತರೆ ಕಾಲು ಹೆಪ್ಪುಗಟ್ಟುತ್ತದೆ.

ಬಾಕ್ಸಿಂಗ್‌ನ ಈಗಿನ ನಿಯಮಗಳೂ ಕಾಯುವವನ ಪರ ಇಲ್ಲ. ಮೈಸೂರಿನಲ್ಲಿ ವಿಜಯದಶಮಿಯಂದು ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನೋಡಿ ಬೆಳೆದವನು ನಾನು. ಅಲ್ಲಿ ತಲೆಯಿಂದ ರಕ್ತ ಚಿಮ್ಮಿತೆಂದರೆ ಕಾಳಗ ಮುಗಿಯಿತು. ಮೊದಲ ಪೆಟ್ಟು ತಪ್ಪಿಸಿಕೊಂಡವನೇ ಗೆದ್ದ. ಬಾಕ್ಸಿಂಗ್‌ನ ಲೆಕ್ಕ ಬೇರೆ. ಅಮೆಚೂರ್ ಬಾಕ್ಸಿಂಗ್‌ನಲ್ಲಿ 1992ರ ಒಲಿಂಪಿಕ್ಸ್‌ನಿಂದ ಕಂಪ್ಯೂಟರ್ ಸ್ಕೋರಿಂಗ್ ಇತ್ತು: ಐವರು ತೀರ್ಪುಗಾರರಲ್ಲಿ ಮೂವರು ಒಂದು ಸೆಕೆಂಡಿನೊಳಗೆ ಗುಂಡಿ ಒತ್ತಿದರೆ ಒಂದು ಅಂಕ. ಸ್ವಚ್ಛವಾಗಿ ನಾಟುವ ಒಂಟಿ ಪೆಟ್ಟಿಗೆ ಅದು ಒಳ್ಳೆಯ ಕಾಲ. 2013ರಿಂದ ರೌಂಡ್ ಗೆದ್ದವನಿಗೆ ಹತ್ತು ಅಂಕ ಕೊಡುವ ಪದ್ಧತಿ ಬಂತು. ರೌಂಡ್ ಯಾರ ಹಿಡಿತದಲ್ಲಿತ್ತು ಎಂಬುದನ್ನೂ ಈಗ ನೋಡುತ್ತಾರೆ. ಮೂರೇ ರೌಂಡಿನ ಪಂದ್ಯದಲ್ಲಿ ಮೊದಲ ರೌಂಡನ್ನು ಎದುರಾಳಿಯನ್ನು ಓದುತ್ತ ಕಳೆದರೆ ಅದನ್ನು ಕಳೆದುಕೊಂಡಂತೆಯೇ.

ನಾನು ಯಾವ ಪಂದ್ಯಕ್ಕೂ ಇಳಿದಿಲ್ಲ, ಇಳಿಯುವ ವಯಸ್ಸೂ ಅಲ್ಲ. ನಡುವಯಸ್ಸಿನಲ್ಲಿ ಬಾಕ್ಸಿಂಗ್ ಕಲಿಯುವ ಮನಸ್ಸು ನಿಮಗಿದ್ದರೆ, ಸೇರಿದ ವಾರವೇ ಸ್ಪಾರಿಂಗ್‌ಗೆ ಇಳಿಸುವ ಜಿಮ್‌ಗೆ ಹೋಗಬೇಡಿ. ಗ್ಲೌಸ್‌ಗಿಂತ ಮೊದಲು ಮೌತ್‌ಗಾರ್ಡ್ ಕೊಳ್ಳಿ. ಮೌತ್‌ಗಾರ್ಡ್, ಹೆಡ್‌ಗಾರ್ಡ್ ಎಷ್ಟೇ ಇರಲಿ, ಮಿದುಳು ಅಲುಗುವುದನ್ನು ಅವು ತಡೆಯುವುದಿಲ್ಲ. ತಲೆಗೆ ಪೆಟ್ಟು ಬಿದ್ದ ಮೇಲೆ ತಲೆಸುತ್ತು, ವಾಂತಿ, ಮಂಪರು ಏನೇ ಕಂಡರೂ ಆ ಕ್ಷಣವೇ ರಿಂಗಿನಿಂದ ಇಳಿದು ಡಾಕ್ಟರ ಬಳಿ ಹೋಗಿ. ಅವರು ಸರಿ ಅನ್ನುವವರೆಗೆ ಗ್ಲೌಸ್ ಮುಟ್ಟಬೇಡಿ.