ಹೊಸ ಮನೆಯ ಒಡೆಯನಾರು?

ಉತ್ತರಾಯಣ ಪುಣ್ಯಕಾಲವು ಒದಗಿತೆಂದರೆ ಗೃಹಪ್ರವೇಶದ ಆಹ್ವಾನಪತ್ರಿಕೆಗಳು ಮನೆಮನೆಗೂ ಬರತೊಡಗುತ್ತವೆ. ಹಿಂದೆ ಗೃಹಪ್ರವೇಶವೆಂದರೆ ಗೃಹಸ್ಥನು ತಾನೇ ನಿವೇಶನವನ್ನು ಕೊಂಡು, ತಾನೇ ಮುಂದೆ ನಿಂತು ಪಾಯ ತೆಗೆಸಿ, ಬಾಗಿಲು ನಿಲ್ಲಿಸಿ, ಬಿಸಿಲು ಮಳೆಯೆನ್ನದೆ ಓಡಾಡಿ ಕಟ್ಟಿಸಿದ ಮನೆಯನ್ನು ಹೊಗುವ ಕರ್ಮವಾಗಿದ್ದಿತು. ಇಂದು ಬೆಂಗಳೂರು, ಮೈಸೂರು, ಮಂಗಳೂರುಗಳಂತಹ ನಗರಗಳಲ್ಲಿ ನಮ್ಮ ಸಮಾಜದ ಬಹುಮಂದಿ ಕೊಳ್ಳುವುದು ಇತರರು ಕಟ್ಟಿದ ಬಹುಮಹಡಿಯ ಕಟ್ಟಡದೊಳಗಿನ ಒಂದು ಮನೆಯನ್ನು. ನೆಲವನ್ನು ಆರಿಸಿದವರು ಬೇರೆ, ಭೂಮಿಪೂಜೆ ಮಾಡಿದವರು ಬೇರೆ, ಕಟ್ಟಿದವರು ಬೇರೆ, ಹಣವನ್ನು ಒದಗಿಸಿದ್ದು ಬ್ಯಾಂಕು. ಹೀಗಿರುವಲ್ಲಿ ‘ನಮ್ಮ ನೂತನ ಗೃಹ’ವೆಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಗೃಹಸ್ಥನು ಯಾವುದಕ್ಕೆ ಒಡೆಯ? ಅವನು ಮಾಡಿಸುವ ವಾಸ್ತುಪೂಜೆಗೆ ಅರ್ಥವೇನು? ಹೀಗೆಂದು ಕೆಲವು ಸಜ್ಜನರು ಕೇಳುವುದುಂಟು. ಪ್ರಶ್ನೆಯು ಯುಕ್ತವಾದುದೇ. ಅದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಈಶಾವಾಸ್ಯೋಪನಿಷತ್ತಿನ ಮಂತ್ರಗಳು ಸ್ವಾಯಂಭುವ ಮನುವು ಯಜ್ಞನಾಮಕನಾದ ಶ್ರೀಹರಿಯನ್ನು ಸ್ತುತಿಸಿದ ಮಂತ್ರಗಳೆಂದು ಶ್ರೀಮದಾಚಾರ್ಯರು ತಮ್ಮ ಭಾಷ್ಯದಲ್ಲಿ ತಿಳಿಸಿದ್ದಾರೆ. ಮೊದಲ ಮಂತ್ರದ ‘ಈಶಾವಾಸ್ಯ’ ಎಂಬ ಪದಕ್ಕೆ ಈಶನ ವಾಸಕ್ಕೆ ಯೋಗ್ಯವಾದುದು ಎಂಬ ಅರ್ಥವನ್ನು ಅನುಗ್ರಹಿಸಿದ್ದಾರೆ. ಚರಾಚರವಾದ ಜಗತ್ತೆಲ್ಲವೂ ಶ್ರೀಹರಿಯು ವಾಸಿಸಲು ತಕ್ಕ ನೆಲೆ. ಅವನು ಕೊಟ್ಟದ್ದನ್ನು ಮಾತ್ರ ಅನುಭವಿಸಬೇಕು, ಇನ್ನೊಬ್ಬರಲ್ಲಿ ಯಾಚಿಸಬಾರದು ಎಂಬುದು ಆ ಮಂತ್ರದ ತಾತ್ಪರ್ಯ. ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಭಾಗಿಸಿ, ವಿಷ್ಣುವೊಬ್ಬನೇ ಸ್ವತಂತ್ರನೆಂದು ಆಚಾರ್ಯರು ನಿರ್ಣಯಿಸಿದ್ದಾರಷ್ಟೆ. ಒಡೆತನವು ಸ್ವತಂತ್ರನದು, ಅಸ್ವತಂತ್ರನಾದ ಜೀವನಿಗೆ ಇರುವುದು ವಾಸದ ಅನುಮತಿ. ಕ್ರಯಪತ್ರವು ನೋಂದಣಿಯಾದ ಮಾತ್ರಕ್ಕೆ ಈ ಸಿದ್ಧಾಂತವು ಬದಲಾಗದು. ಹಾಗೆ ನೋಡಿದರೆ ಇಂದಿನ ಗೃಹಸ್ಥನಿಗೆ ಇದನ್ನು ಒಪ್ಪಿಸುವುದು ಸುಲಭವೇ ಆಗಿದೆ. ಮೂಲಪತ್ರಗಳು ಇಪ್ಪತ್ತು ವರ್ಷ ಬ್ಯಾಂಕಿನ ಕಪಾಟಿನಲ್ಲಿರುತ್ತವೆ. ನೆಲದಲ್ಲಿ ಅವನಿಗೆ ಸಲ್ಲುವುದು ಇತರ ನಿವಾಸಿಗಳೊಡನೆ ಅವಿಭಕ್ತವಾದ ಒಂದು ಪಾಲು ಮಾತ್ರ. ‘ಇದು ನನ್ನದು’ ಎಂದು ಬೆರಳಿಟ್ಟು ತೋರಿಸಲು ಒಂದು ಹಿಡಿ ಮಣ್ಣೂ ಅವನಿಗಿಲ್ಲ.

‘ವಾಸ್ತು’ ಎಂಬ ಶಬ್ದವೂ ಇದನ್ನೇ ಹೇಳುತ್ತದೆ. ಮತ್ಸ್ಯರೂಪಿಯಾದ ಶ್ರೀಹರಿಯು ಮನುವಿಗೆ ಉಪದೇಶಿಸಿದ ಮತ್ಸ್ಯಪುರಾಣದಲ್ಲಿ ವಾಸ್ತುಪುರುಷನ ಕಥೆಯಿದೆ. ಅಂಧಕಾಸುರನೊಡನೆ ಯುದ್ಧ ಮಾಡುತ್ತಿದ್ದ ರುದ್ರದೇವರ ಹಣೆಯಿಂದ ಬಿದ್ದ ಬೆವರಿನಿಂದ ಒಂದು ಭಯಂಕರ ಭೂತವು ಹುಟ್ಟಿತು. ಅದರ ಹಸಿವು ಯಾವುದರಿಂದಲೂ ತಣಿಯಲಿಲ್ಲ. ತಪಸ್ಸಿನಿಂದ ವರವನ್ನು ಪಡೆದು ಮೂರು ಲೋಕಗಳನ್ನೂ ನುಂಗಲು ಹೊರಟಾಗ ದೇವತೆಗಳೆಲ್ಲರೂ ಸೇರಿ ಅದನ್ನು ನೆಲಕ್ಕೆ ಕೆಡವಿ ಅದುಮಿ ಹಿಡಿದರು. ಯಾವ ದೇವತೆಯು ಯಾವ ಅಂಗವನ್ನು ಹಿಡಿದನೋ ಅಲ್ಲಿಯೇ ನೆಲೆನಿಂತನು. ಸರ್ವದೇವತೆಗಳೂ ವಾಸಮಾಡಿದ್ದರಿಂದ ಅದಕ್ಕೆ ವಾಸ್ತುವೆಂದು ಹೆಸರಾಯಿತು. ‘ಹೀಗೆ ಅಲುಗದಂತೆ ಹಿಡಿದಿರುವಿರಿ, ನನಗೆ ಆಹಾರವೇನು?’ ಎಂದು ಅದು ಕೇಳಿದಾಗ ದೇವತೆಗಳು, ಮನೆಯಲ್ಲಿ ನಡೆಯುವ ವಾಸ್ತುಬಲಿಯೂ ವೈಶ್ವದೇವದ ಕೊನೆಯಲ್ಲಿ ಕೊಡುವ ಬಲಿಯೂ ನಿನ್ನ ಆಹಾರವೆಂದು ವಿಧಿಸಿದರು.

ಈ ಕಥೆಯಲ್ಲಿ ಗಮನಿಸತಕ್ಕ ಅಂಶವೊಂದಿದೆ. ವಾಸ್ತುಪುರುಷನ ಹಸಿವನ್ನು ದೇವತೆಗಳು ಕೊಂದುಹಾಕಲಿಲ್ಲ. ಅದಕ್ಕೆ ಒಂದು ಮಿತಿಯನ್ನು ಹಾಕಿದರು. ಮನೆಯೆಂಬುದು ಸ್ವಭಾವತಃ ಹಸಿದ ವಸ್ತು. ಕೊಂಡ ಮೇಲೆ ಕಪಾಟು, ಕಪಾಟಾದ ಮೇಲೆ ದೀಪಗಳು, ದೀಪಗಳಾದ ಮೇಲೆ ಇನ್ನೊಂದು ಕೋಣೆ, ಹೀಗೆ ಗೃಹಸ್ಥನ ಆಯುಸ್ಸನ್ನೇ ಅದು ಬೇಡುತ್ತದೆ. ಹೊಟ್ಟೆ ತುಂಬುವಷ್ಟರ ಮೇಲೆ ಮಾತ್ರ ಮನುಷ್ಯನಿಗೆ ಸ್ವಾಮ್ಯವುಂಟು, ಅದಕ್ಕಿಂತ ಹೆಚ್ಚನ್ನು ತನ್ನದೆಂದವನು ಕಳ್ಳನೆಂದು ಶ್ರೀಮದ್ಭಾಗವತದ ಸಪ್ತಮಸ್ಕಂಧದಲ್ಲಿ ನಾರದರು ಯುಧಿಷ್ಠಿರನಿಗೆ ಗೃಹಸ್ಥಧರ್ಮವನ್ನು ಹೇಳುವಾಗ ಎಚ್ಚರಿಸಿದ್ದಾರೆ. ಏಕಾದಶಸ್ಕಂಧದ ಅವಧೂತನಂತೂ ಇತರರು ಕಟ್ಟಿದ ಮನೆಯಲ್ಲಿ ಸುಖವಾಗಿರುವ ಸರ್ಪವನ್ನೇ ಗುರುವೆಂದು ಎಣಿಸಿದನು. ಇಂದಿನ ನಮ್ಮ ಗೃಹಸ್ಥನೂ ಇತರರು ಕಟ್ಟಿದ ಮನೆಯನ್ನೇ ಹೊಗುತ್ತಾನೆ. ಆದರೆ ತಿಂಗಳ ಕಂತಿನ ಚಿಂತೆಯಿಲ್ಲದ ಸರ್ಪದ ಸುಖವು ಅವನಿಗೆಲ್ಲಿ! ಅವಧೂತನ ಮಾತು ಯತಿಗಳಿಗೆ ಸಲ್ಲುವುದು. ಗೃಹಸ್ಥನಿಗೆ ಮನೆ ಬೇಕು. ಆದರೆ ಅದರ ಹಸಿವಿಗೆ ಮಿತಿಯೂ ಬೇಕು.

ಗೃಹವಾಸ್ತುವಿನಲ್ಲಿ ನೆಲವನ್ನು 81 ಪದಗಳಾಗಿ ವಿಭಾಗಿಸಿ 45 ದೇವತೆಗಳನ್ನು ಆವಾಹಿಸುವುದು ಕ್ರಮ. ಹೊರಸುತ್ತಿನಲ್ಲಿ 32, ಒಳಗೆ 13. ನಡುವಿನ ಒಂಬತ್ತು ಪದಗಳು ಬ್ರಹ್ಮದೇವರ ಸ್ಥಾನ. ತೊಟ್ಟಿಮನೆಗಳಲ್ಲಿ ನಡುವೆ ಆಕಾಶಕ್ಕೆ ತೆರೆದ ಅಂಗಳವಿರುತ್ತಿದ್ದುದನ್ನು ಇಲ್ಲಿ ಸ್ಮರಿಸಬಹುದು. ಈ ದೇವತೆಗಳನ್ನೆಲ್ಲ ಸ್ವತಂತ್ರರೆಂದು ಪೂಜಿಸುವುದು ನಮ್ಮ ಸಂಪ್ರದಾಯವಲ್ಲ. ತಾರತಮ್ಯಾನುಸಾರವಾಗಿ ಅವರನ್ನು ಶ್ರೀಹರಿಯ ಪರಿವಾರವೆಂದು ತಿಳಿದು, ಅವರ ಅಂತರ್ಯಾಮಿಯಾದ ನಾರಾಯಣನಿಗೆ ಪೂಜೆಯನ್ನು ಅರ್ಪಿಸಿ, ಅವನಿಗೆ ನಿವೇದಿತವಾದುದನ್ನೇ ಅವರಿಗೆ ಸಮರ್ಪಿಸಬೇಕು. ಬಹುಮಹಡಿಯ ಕಟ್ಟಡಕ್ಕೆ ಮೊದಲೇ ಭೂಮಿಪೂಜೆಯಾಗಿದೆಯಲ್ಲ, ಪ್ರತ್ಯೇಕ ವಾಸ್ತುಪೂಜೆ ಏಕೆಂದು ಕೇಳಿದರೆ, ಆ ಪೂಜೆಯು ನೆಲಕ್ಕೆ, ಈ ಪೂಜೆಯು ವಾಸಕ್ಕೆ ಎಂಬುದೇ ಉತ್ತರ. ಎಲ್ಲಿ ಒಲೆ ಹೊತ್ತಿ ನೈವೇದ್ಯವಾಗುವುದೋ ಅದು ಪ್ರತ್ಯೇಕ ಗೃಹ. ಇನ್ನು, ಕೊಂಡ ಮೇಲೆ ಯಾರೋ ದೋಷ ಹೇಳಿದರೆಂದು ಗೋಡೆಗಳನ್ನು ಒಡೆಸುವ ಚಟವು ಈಚೆಗೆ ಬೆಳೆದಿದೆ. ಕೆಳಗಿನ, ಮೇಲಿನ ಮನೆಗಳವರ ಭಾರವನ್ನು ಹೊತ್ತ ಕಂಬ ತೊಲೆಗಳಿಗೆ ಸುತ್ತಿಗೆ ಹಾಕಿಸುವುದು ಶಾಂತಿಯಲ್ಲ, ಹಿಂಸೆ. ಈಶಾನ್ಯದಲ್ಲಿ ದೇವರಿಗೆ ಸ್ಥಳವಿದ್ದರೆ ಉತ್ತಮ. ಇಲ್ಲದಿದ್ದರೆ ಇರುವುದರಲ್ಲಿ ಶುದ್ಧವಾದ ಸ್ಥಳದಲ್ಲಿ ಪೂರ್ವಾಭಿಮುಖವಾಗಿಯೋ ಪಶ್ಚಿಮಾಭಿಮುಖವಾಗಿಯೋ ದೇವರನ್ನಿರಿಸಿದರೆ ಸಾಕು.

ಕೊಳ್ಳುವ ಮುನ್ನ ಪರೀಕ್ಷಿಸಬೇಕೆಂಬ ವಿಧಿಯೂ ಪುರಾತನವಾದುದು. ಆಶ್ವಲಾಯನ ಗೃಹ್ಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಭೂಪರೀಕ್ಷೆಯ ಕ್ರಮವಿದೆ. ಮೊಣಕಾಲುದ್ದದ ಗುಂಡಿಯನ್ನು ತೋಡಿ, ತೆಗೆದ ಮಣ್ಣನ್ನೇ ಮತ್ತೆ ತುಂಬಬೇಕು. ಮಣ್ಣು ಮಿಕ್ಕರೆ ಪ್ರಶಸ್ತ, ಸಮವಾದರೆ ಮಧ್ಯಮ, ಕಡಿಮೆಯಾದರೆ ತ್ಯಾಜ್ಯ. ಸೂರ್ಯಾಸ್ತದ ಮೇಲೆ ಗುಂಡಿಗೆ ನೀರು ತುಂಬಿಸಿಟ್ಟು ಬೆಳಿಗ್ಗೆ ನೋಡಬೇಕು. ನೀರು ಉಳಿದಿದ್ದರೆ ಒಳ್ಳೆಯದು, ಬರಿಯ ತೇವವಿದ್ದರೆ ಮಧ್ಯಮ, ಒಣಗಿದ್ದರೆ ನಿಂದ್ಯ. ನೆಲದೊಳಗಿನ ಎಲುಬು ಮೊದಲಾದ ಶಲ್ಯಗಳನ್ನು ತೆಗೆಸಬೇಕೆಂದು ವಾಸ್ತುಗ್ರಂಥಗಳು ಹೇಳುತ್ತವೆ. ಎಂಟನೆಯ ಮಹಡಿಯ ಮನೆಯನ್ನು ಕೊಳ್ಳುವವನು ಗುಂಡಿ ತೋಡಲಾರನು. ಅವನ ಭೂಪರೀಕ್ಷೆಯು ಕಾಗದಪತ್ರಗಳಲ್ಲಿ ನಡೆಯಬೇಕು; ಇಂದಿನ ಶಲ್ಯಗಳು ಅಲ್ಲಿಯೇ ಹುದುಗಿರುತ್ತವೆ. ಹಿಂದಿನ ಸಾಲವು ನೆಲದ ಮೇಲಿದೆಯೇ ಎಂಬುದನ್ನು ಋಣಭಾರ ಪ್ರಮಾಣಪತ್ರವು ತೋರಿಸುತ್ತದೆ. 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯ ಪ್ರಕಾರ, ಮಾರಾಟದ ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಹಣವನ್ನು ಕಟ್ಟುವವರು ಪಡೆಯುವಂತಿಲ್ಲ. ಮನೆಯನ್ನು ವಶಕ್ಕೆ ಕೊಟ್ಟ ದಿನದಿಂದ 5 ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಾಗಲಿ ಕೆಲಸದಲ್ಲಾಗಲಿ ದೋಷ ಕಂಡುಬಂದು ತಿಳಿಸಿದರೆ, 30 ದಿನಗಳಲ್ಲಿ ಹಣ ಪಡೆಯದೆ ಸರಿಪಡಿಸುವುದು ಅವರ ಕರ್ತವ್ಯ. ದೇವರ ಮೇಲೆ ಭಾರ ಹಾಕಿದ್ದೇನೆಂದು ಹೇಳಿ ಇವನ್ನು ನೋಡದೆ ಸಹಿ ಮಾಡುವುದು ಭಕ್ತಿಯಲ್ಲ, ಆಲಸ್ಯ.

ಋಣದ ವಿಷಯದಲ್ಲಿ ಸುಮಧ್ವವಿಜಯದ ಪ್ರಸಂಗವೊಂದು ನೆನಪಾಗುತ್ತದೆ. ಪಾಜಕದಲ್ಲಿ ಶ್ರೀಮದಾಚಾರ್ಯರ ಪಿತೃಗಳಾದ ಮಧ್ಯಗೇಹ ಭಟ್ಟರಿಗೆ ಎತ್ತನ್ನು ಮಾರಿದ್ದವನು ಅದರ ಹಣಕ್ಕಾಗಿ ಮನೆಗೆ ಬಂದು ಕುಳಿತನು. ಬಾಲಕ ವಾಸುದೇವನು ಅವನ ಕೈಗೆ ಹುಣಿಸೆಯ ಬೀಜಗಳನ್ನು ಕೊಟ್ಟನು. ಅವನು ಅದರಿಂದಲೇ ತೃಪ್ತನಾಗಿ ಹೊರಟುಹೋದನು. ಮುಂದೆ ತಂದೆಯು ಹಣವನ್ನು ಕೊಡಲು ಹೋದಾಗ, ನಿಮ್ಮ ಮಗನಿಂದ ನನಗೆ ಸಂದಿತೆಂದು ಹೇಳಿ ಸ್ವೀಕರಿಸಲಿಲ್ಲ. ಉಪನ್ಯಾಸಗಳಲ್ಲಿ ಬೀಜಗಳ ಮಹಿಮೆಯನ್ನು ವಿಸ್ತಾರವಾಗಿ ಕೇಳುತ್ತೇವೆ, ಅದು ಸರಿಯೇ. ಆದರೆ ಆ ಸಾತ್ತ್ವಿಕ ಗೃಹಸ್ಥರು ಮಗನ ಬೀಜಗಳಿಂದ ತಮ್ಮ ಋಣ ತೀರಿತೆಂದು ಸುಮ್ಮನಾಗದೆ ಹಣವನ್ನು ಹಿಡಿದು ಹೋದರೆಂಬುದನ್ನು ಯಾರೂ ಒತ್ತಿ ಹೇಳುವುದಿಲ್ಲ. ಮನೆಸಾಲ ಮಾಡುವವರಿಗೆ ಬೇಕಾದ ಪಾಠವು ಅಲ್ಲಿದೆ. ಸಾಲ ಮಾಡಿ ಮನೆ ಕೊಳ್ಳುವುದು ದೋಷವಲ್ಲ. ತೀರಿಸಬಲ್ಲೆನೆಂಬ ಲೆಕ್ಕವಿಲ್ಲದೆ ಕೊಳ್ಳುವುದೂ, ಮನೆಯ ಸಾಲ ಸಾಲದೆಂದು ಗೃಹಪ್ರವೇಶದ ಊಟಕ್ಕೆ ಇನ್ನೊಂದು ಸಾಲವೆತ್ತುವುದೂ ದೋಷವೇ. ಕ್ರಯದ ಒಂದು ಭಾಗವನ್ನು ಪತ್ರದಲ್ಲಿ ಕಾಣಿಸದೆ ಕೊಟ್ಟು ತೆಗೆದುಕೊಳ್ಳುವ ವ್ಯವಹಾರವಿದ್ದರೆ ಆ ಮನೆಯಲ್ಲಿ ಶ್ರೀಹರಿಗೆ ಇಡುವ ನೈವೇದ್ಯದ ಶುದ್ಧಿಯನ್ನು ಗೃಹಸ್ಥನು ತಾನೇ ವಿಚಾರಿಸಿಕೊಳ್ಳತಕ್ಕದ್ದು.

ಇನ್ನು ಪ್ರವೇಶದ ಕಾಲ. ಮಾಘ, ಫಾಲ್ಗುನ, ವೈಶಾಖ, ಜ್ಯೇಷ್ಠ ಮಾಸಗಳು ನೂತನ ಗೃಹಪ್ರವೇಶಕ್ಕೆ ಪ್ರಶಸ್ತ. ರೋಹಿಣಿ, ಮೃಗಶಿರಾ, ಚಿತ್ರಾ, ಅನೂರಾಧಾ, ರೇವತಿ ಹಾಗೂ ಮೂರು ಉತ್ತರಾ ನಕ್ಷತ್ರಗಳು ಉತ್ತಮ, ಸ್ಥಿರಲಗ್ನವಾಗಿರಬೇಕು, ರಿಕ್ತಾತಿಥಿ, ಅಮಾವಾಸ್ಯೆ, ಭಾನುವಾರ, ಮಂಗಳವಾರಗಳು ವರ್ಜ್ಯ. ಇವು ಎಲ್ಲರೂ ಕೇಳಿ ತಿಳಿದುಕೊಳ್ಳುವ ವಿಷಯಗಳು. ಯಾರೂ ಕೇಳದ ವಿಧಿಯೊಂದು ಇದಕ್ಕಿಂತ ಮುಖ್ಯವಾದುದು: ಕದವಿಲ್ಲದ, ಮೇಲ್ಛಾವಣಿ ಮುಚ್ಚದ, ಬಲಿ ಭೋಜನಗಳು ನಡೆಯದ ಮನೆಯನ್ನು ಹೊಗಬಾರದು, ಅದು ಆಪತ್ತುಗಳ ಗಣಿ ಎಂದು ಮುಹೂರ್ತಶಾಸ್ತ್ರವು ನಿಷೇಧಿಸುತ್ತದೆ. ಮುಹೂರ್ತವು ಕಳೆಯಿತೆಂಬ ಆತುರದಿಂದ, ಇನ್ನೂ ನೀರು ವಿದ್ಯುತ್ತು ಬಾರದ, ಬಾಗಿಲು ಕೂಡಿಸದ, ಮೆಟ್ಟಿಲಿಗೆ ಕಟಕಟೆಯಿಲ್ಲದ ಮನೆಯಲ್ಲಿ ಹೋಮ ಮಾಡಿಸಿ ಬೀಗ ಹಾಕಿ ಹೋಗುವವರನ್ನು ಈಗ ಧಾರಾಳವಾಗಿ ಕಾಣುತ್ತೇವೆ. ಅನಂತರ ಆರು ತಿಂಗಳು ಬಡಗಿಗಳ ಕೆಲಸ. ಪೂಜೆ ಮಾಡಿದ ಸ್ಥಳದಲ್ಲಿ ದೀಪವಿಲ್ಲ, ನೈವೇದ್ಯವಿಲ್ಲ. ಕಟ್ಟಡವು ವಾಸಕ್ಕೆ ಯೋಗ್ಯವೆಂದು ನಗರಾಡಳಿತವು ಕೊಡುವ ಸ್ವಾಧೀನಾನುಭವ ಪತ್ರವನ್ನು, ಅಂದರೆ ಜನರು ಓ.ಸಿ. ಎನ್ನುವ ಕಾಗದವನ್ನು, ಇಂದಿನ ಕದ ಛಾವಣಿಗಳ ಲೆಕ್ಕಕ್ಕೆ ಸೇರಿಸಬೇಕೆಂಬುದು ಈ ಲೇಖಕನ ಅಭಿಪ್ರಾಯ. ಅದು ಬಂದು, ಒಳಗಿನ ಕೆಲಸಗಳೂ ಮುಗಿದು, ಆ ರಾತ್ರಿಯೇ ಅಲ್ಲಿ ಮಲಗಲು ಸಿದ್ಧರಾಗಿದ್ದಾಗ ಮುಂದಿನ ಮುಹೂರ್ತವನ್ನು ನೋಡಿಸುವುದು ಲೇಸು. ಈಶನ ವಾಸಕ್ಕೆ ಯೋಗ್ಯವಾಗಬೇಕಾದುದು ಮನುಷ್ಯನ ವಾಸಕ್ಕಾದರೂ ಯೋಗ್ಯವಾಗಿರಬೇಡವೇ?

ಹಿಂದಿನ ರಾತ್ರಿ ವಾಸ್ತುಹೋಮ, ರಾಕ್ಷೋಘ್ನ, ವಾಸ್ತುಬಲಿಗಳನ್ನು ಮುಗಿಸಿ ಮರುದಿನ ಪ್ರವೇಶಿಸುವ ಪದ್ಧತಿ ನಮ್ಮಲ್ಲಿದೆ. ಪ್ರವೇಶಕಾಲದಲ್ಲಿ ಸಾಲಿಗ್ರಾಮಗಳನ್ನುಳ್ಳ ದೇವರ ಪೆಟ್ಟಿಗೆಯನ್ನು ಯಜಮಾನನು ಹೊತ್ತು ಹೊಸ್ತಿಲನ್ನು ದಾಟಬೇಕು. ಪೂರ್ಣಕುಂಭದೊಡನೆ ಗೃಹಿಣಿಯು ಜೊತೆಗೂಡಬೇಕು. ಮೊದಲು ಒಳಹೋದವನು ಯಾರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮಿಕ್ಕವರು ಅವನ ಹಿಂದೆ ಬಂದವರು. ಗೋಪ್ರವೇಶಕ್ಕಾಗಿ ಗೋವನ್ನು ಲಿಫ್ಟಿನಲ್ಲಿಯೋ ಮೆಟ್ಟಿಲಲ್ಲಿಯೋ ಮೇಲಿನ ಮಹಡಿಗೆ ಏರಿಸುವ ಹಟ ಬೇಡ. ಬೆದರಿದ ಗೋವಿಗೆ ಮಾಡಿದ ಪೂಜೆಯಿಂದ ಗೋಪಾಲಕೃಷ್ಣನು ಪ್ರೀತನಾಗಲಾರನು. ಕೆಳಗಿನ ಅಂಗಳದಲ್ಲಿಯೇ ಸವತ್ಸ ಗೋಪೂಜೆ ಮಾಡಿ ಗೋಗ್ರಾಸ ಕೊಟ್ಟರೆ ಸಾಕು. ಹೋಮಕುಂಡದ ಕೆಳಗೆ ಇಟ್ಟಿಗೆ ಮರಳುಗಳನ್ನು ದಪ್ಪವಾಗಿ ಹಾಸದಿದ್ದರೆ ಹೊಸ ನೆಲದ ಹಾಸು ಬಿರಿಯುತ್ತದೆ. ಹೊಗೆಯ ವಿಷಯವನ್ನು ಕಟ್ಟಡದ ಸಂಘದವರಿಗೆ ಮೊದಲೇ ತಿಳಿಸಬೇಕು. ಹಾಲು ಉಕ್ಕಿಸಿದ ಮೇಲೆ ಅದನ್ನು ಮೊದಲು ದೇವರಿಗೆ ನಿವೇದಿಸಬೇಕೇ ಹೊರತು, ಛಾಯಾಚಿತ್ರ ತೆಗೆಸಿಕೊಂಡು ನೆಂಟರಿಗೆ ಹಂಚುವುದಲ್ಲ. ಶ್ರೀಹರಿಗೆ ನೈವೇದ್ಯ, ಅನಂತರ ರಮಾದೇವಿಗೂ ಮುಖ್ಯಪ್ರಾಣದೇವರಿಗೂ ಸಮರ್ಪಣೆ, ಗುರುಗಳಿಗೆ ಹಸ್ತೋದಕ, ಆ ಬಳಿಕ ಅತಿಥಿಗಳ ಭೋಜನ.

ಅತಿಥಿಗಳಲ್ಲಿ ಮರೆತುಹೋದ ಒಂದು ವರ್ಗವಿದೆ. ಮನೆಯನ್ನು ಕಟ್ಟಿದ ಸ್ಥಪತಿಯನ್ನೂ ಶಿಲ್ಪಿಗಳನ್ನೂ ವಸ್ತ್ರಾದಿಗಳಿಂದ ಸಂತೋಷಪಡಿಸುವುದು ವಾಸ್ತುಕರ್ಮದ ಅಂಗ. ನಮ್ಮ ಹಿರಿಯರು ಬಾಗಿಲು ನಿಲ್ಲಿಸುವ ದಿನವೇ ಬಡಗಿಗೆ ಪಂಚೆ, ಎಲೆ ಅಡಿಕೆ, ದಕ್ಷಿಣೆಗಳನ್ನು ಕೊಡುತ್ತಿದ್ದರು. ಇಂದಿನ ಕಟ್ಟಡಗಳಲ್ಲಿ ಕಬ್ಬಿಣ ಕಟ್ಟಿದವರೂ ಗಾರೆ ಕಲಸಿದವರೂ ಬಹುಪಾಲು ಬಿಹಾರ, ಬಂಗಾಳ, ಒಡಿಶಾಗಳಿಂದಲೋ ನಮ್ಮದೇ ರಾಯಚೂರು, ಯಾದಗಿರಿಗಳಿಂದಲೋ ಬಂದವರು. ಮನೆಯ ಬೀಗದಕೈ ನಮ್ಮ ಕೈಗೆ ಬರುವ ವೇಳೆಗೆ ಅವರ ತಗಡಿನ ಜೋಪಡಿಗಳು ಇನ್ನೊಂದು ನಿವೇಶನಕ್ಕೆ ಸಾಗಿರುತ್ತವೆ. ಅವರನ್ನು ಹುಡುಕಲಾಗದಿರಬಹುದು. ಕಟ್ಟಡದಲ್ಲಿ ಇನ್ನೂ ಕೆಲಸ ಮಾಡುತ್ತಿರುವ ಬಣ್ಣದವರು, ನಲ್ಲಿಯವರು, ಕಸ ಗುಡಿಸುವವರು, ಕಾವಲುಗಾರರು ಇರುತ್ತಾರಷ್ಟೆ. ಅವರನ್ನು ಕೂರಿಸಿ, ನೆಂಟರಿಗೆ ಬಡಿಸಿದ ಅಡಿಗೆಯನ್ನೇ ಬಡಿಸಿ ವಸ್ತ್ರವನ್ನು ಕೊಟ್ಟರೆ ವಿಧಿಯು ನಡೆದಂತಾಯಿತು. ಉಳಿದದ್ದನ್ನು ಪೊಟ್ಟಣ ಕಟ್ಟಿ ಕೊಡುವುದು ಬೇರೆಯ ಮಾತು.

ಹಳೆಯ ಮನೆಯನ್ನು ಕೊಂಡವರ ಸಂದೇಹವೂ ಉಂಟು. ಶಾಸ್ತ್ರದಲ್ಲಿ ಪ್ರವೇಶವು ಮೂರು ವಿಧ: ಹೊಸದಾಗಿ ಕಟ್ಟಿದ ಮನೆಯನ್ನು ಹೊಗುವುದು ಅಪೂರ್ವ, ದೂರ ಪ್ರಯಾಣದಿಂದ ಹಿಂದಿರುಗಿ ತನ್ನ ಮನೆಯನ್ನು ಹೊಗುವುದು ಸಪೂರ್ವ, ಬೆಂಕಿ, ನೀರು ಮೊದಲಾದವುಗಳಿಂದ ಕೆಟ್ಟದ್ದನ್ನು ಸರಿಪಡಿಸಿ ಹೊಗುವುದು ದ್ವಂದ್ವ. ಪರರು ವಾಸವಿದ್ದ ಮನೆಗೆ ಪುಣ್ಯಾಹ, ವಾಸ್ತುಶಾಂತಿಗಳನ್ನು ಮಾಡಿಸಿ ಹೊಗುವುದು ಶಿಷ್ಟರ ಆಚಾರ. ಬಾಡಿಗೆಯ ಮನೆಗೆ ಹೋಗುವವರೂ ದೇವರ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಹೋಗಿ ಪುಣ್ಯಾಹ ಮಾಡಿಸಬಹುದು.

ನಿವೃತ್ತರು, ಒಬ್ಬಂಟಿಗರು, ಕಂತಿನ ಭಾರದಲ್ಲಿರುವವರು ದೊಡ್ಡ ಸಮಾರಂಭವನ್ನು ಮಾಡಲಾರೆವೆಂದು ಸಂಕೋಚಪಡಬೇಕಾಗಿಲ್ಲ. ಪುಣ್ಯಾಹ, ವಾಸ್ತುಪೂಜೆ, ಬಲಿ, ಸಾಲಿಗ್ರಾಮಕ್ಕೆ ಅಭಿಷೇಕ, ಒಂದು ಸೇರು ಅಕ್ಕಿಯ ನೈವೇದ್ಯ, ಒಬ್ಬ ಅತಿಥಿಗೆ ಊಟ ಇಷ್ಟು ನಡೆದರೂ ಪ್ರವೇಶವು ಸಾಂಗವೇ. ಅಂದು ರಾತ್ರಿ ಅಲ್ಲಿಯೇ ಮಲಗಬೇಕು, ದೇವರ ಮುಂದಿನ ದೀಪವನ್ನು ಬೆಳಗಿನವರೆಗೆ ಕಾಪಾಡಬೇಕು. ಮರುದಿನದಿಂದ ಆ ಮನೆಯಲ್ಲಿ ಬೇಯುವ ಅನ್ನವು ಮೊದಲು ದೇವರಿಗೆ ನಿವೇದಿತವಾಗಿಯೇ ತಟ್ಟೆಗೆ ಬರಬೇಕು. ವೈಶ್ವದೇವದ ಅನುಷ್ಠಾನವುಳ್ಳವರು ಅದನ್ನು ಹೊಸ ಮನೆಯಲ್ಲಿಯೂ ಬಿಡದೆ ನಡೆಸಬೇಕು.

ಶ್ರೀಕೃಷ್ಣಾರ್ಪಣಮಸ್ತು