ಕ್ಯಾಮೆರಾಗೆ ಇನ್ನೊಂದು ಬ್ಯಾಟರಿ: ಕೊಳ್ಳುವ ಮುನ್ನ ಲೇಬಲ್ ಓದಿ

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಫೋಟೊ ತೆಗೆಯುವ ಜವಾಬ್ದಾರಿ ನನ್ನದಾಗಿತ್ತು. ಕ್ಯಾಮೆರಾ ಕಾಲೇಜಿನದೇ, ಕ್ಯಾನನ್ ಇಒಎಸ್ 1500ಡಿ. ಒಂದು ಬ್ಯಾಟರಿ ಸಾಲದೆಂದು ಪೇಟೆಯಿಂದ ಅಗ್ಗದ ಇನ್ನೊಂದನ್ನು ತಂದೆ. ಮೂಲ ಬ್ಯಾಟರಿಯ ಮೇಲೆ 860 ಎಂಎಎಚ್ ಎಂದಿದ್ದರೆ ಇದರ ಮೇಲೆ 1800 ಎಂದಿತ್ತು. ಎರಡು ಪಟ್ಟು ಲಾಭವೆಂದು ಹಿಗ್ಗಿದೆ.

ಬಹುಮಾನ ವಿತರಣೆಯ ಹೊತ್ತಿಗೆ ಹಳೆಯದು ಖಾಲಿಯಾಯಿತು. ಹೊಸದು ಅರ್ಧ ಗಂಟೆಯೂ ಬಾಳಲಿಲ್ಲ. ಆಗಲೇ ನಿವೃತ್ತರಾಗುತ್ತಿದ್ದ ನಮ್ಮ ಅಟೆಂಡರ್ ಚಾಚಾ ಅವರಿಗೆ ಸನ್ಮಾನ. ಮೊಮ್ಮಗಳ ಕೈ ಹಿಡಿದು ವೇದಿಕೆ ಹತ್ತಿದ್ದರು. ಹಿಂದಿನಿಂದ ಯಾರೋ ಮೊಬೈಲಿನಲ್ಲಿ ತೆಗೆದ ಮಸುಕು ಚಿತ್ರವೊಂದೇ ಉಳಿಯಿತು. ಮರುದಿನ ಅವರು, "ನನ್ನ ಫೋಟೊ ಆಯ್ತಾ ಮಗಾ?" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಭೌತಶಾಸ್ತ್ರದ ಮೇಡಂ ಬಳಿ ಎರಡೂ ಬ್ಯಾಟರಿ ಒಯ್ದೆ. "ಇದು ನೀವು ಓದುವ ವಿದ್ಯುತ್ ಪಾಠವೇ ಅಲ್ಲವೇ?" ಎಂದರು. ಅಂದು ಕಲಿತದ್ದು ಇಷ್ಟು:

1. ಮಾದರಿ ಸಂಖ್ಯೆ: ಈ ಕ್ಯಾಮೆರಾಗೆ ಬೇಕಾದದ್ದು ಎಲ್‌ಪಿ-ಇ10. ನೋಡಲು ಒಂದೇ ತರಹ ಇದ್ದರೆ ಸಾಲದು. ಹಳೆಯ ಬ್ಯಾಟರಿಯ ಮೇಲಿನ ಸಂಖ್ಯೆಯನ್ನು ಬರೆದುಕೊಂಡೇ ಅಂಗಡಿಗೆ ಹೋಗಬೇಕು.

2. ವೋಲ್ಟೇಜ್: ಒಂದು ಲಿಥಿಯಂ-ಅಯಾನ್ ಕೋಶದ ವೋಲ್ಟೇಜ್ ಸುಮಾರು 3.7. ಒಳಗೆ ಎರಡು ಕೋಶಗಳು ಸರಣಿಯಲ್ಲಿರುವುದರಿಂದ 7.4 ವೋಲ್ಟ್.

3. ಸಾಮರ್ಥ್ಯ: ಎಂಎಎಚ್ ಎಂದರೆ ಮಿಲಿ ಆಂಪಿಯರ್ ಅವರ್, ಅಂದರೆ ವಿದ್ಯುದಾವೇಶದ ಅಳತೆ. 0.86 ಆಂಪಿಯರನ್ನು 3600 ಸೆಕೆಂಡಿನಿಂದ ಗುಣಿಸಿದರೆ 3096 ಕೂಲಂಬ್. ಅದೇ 0.86 ಅನ್ನು 7.4 ವೋಲ್ಟಿನಿಂದ ಗುಣಿಸಿದರೆ ಶಕ್ತಿ, ಸುಮಾರು 6.4 ವ್ಯಾಟ್-ಅವರ್. ನಾನು ತಂದ ಬ್ಯಾಟರಿಯ ಲೆಕ್ಕ 7.4 × 1.8, ಅಂದರೆ 13.3 ಬರಬೇಕಿತ್ತು. ಆದರೆ ಅದರ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 6.4 ಎಂದೇ ಇತ್ತು! ಸುಳ್ಳು ಲೇಬಲ್‌ನಲ್ಲೇ ಸಿಕ್ಕಿಬಿತ್ತು. ಅಷ್ಟೇ ಗಾತ್ರದಲ್ಲಿ ಎರಡು ಪಟ್ಟು ಸಾಮರ್ಥ್ಯ ಎಂದರೆ ಅನುಮಾನಿಸಿ. ರಸಾಯನಶಾಸ್ತ್ರ ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿದಾಗ ಅದು ಮೂಲ ಬ್ಯಾಟರಿಗಿಂತ ಹಗುರವಾಗಿಯೂ ಇತ್ತು.

4. ಸುರಕ್ಷತೆ: ಬಿಐಎಸ್ ಗುರುತು, ಐಎಸ್ 16046 ಮತ್ತು 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಬೇರೆ ಕಂಪನಿಯ ಬ್ಯಾಟರಿಗಳೆಲ್ಲ ಕೆಟ್ಟವಲ್ಲ. ಆದರೆ ಬಿಲ್ ಮತ್ತು ವಾರಂಟಿ ಇರಲೇಬೇಕು.

ಕೊಂಡ ಮೇಲೆ ಎರಡಕ್ಕೂ 1, 2 ಎಂದು ಬರೆದು ಸರದಿಯಂತೆ ಬಳಸಿ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಲೋಹದ ತುದಿಗಳಿಗೆ ಮುಚ್ಚಳ ಹಾಕಿ. ಕೀಲಿಕೈ, ನಾಣ್ಯಗಳ ಜೊತೆ ಜೇಬಿನಲ್ಲಿಟ್ಟರೆ ಶಾರ್ಟ್ ಆಗಬಹುದು. ಬಹಳ ದಿನ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ ತಂಪಾದ ಕಡೆ ಇಡಿ. ಉಬ್ಬಿದ ಬ್ಯಾಟರಿಯನ್ನು ಬಳಸಲೂಬಾರದು, ಕಸದ ಬುಟ್ಟಿಗೆ ಹಾಕಲೂಬಾರದು. ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.

ಅಳತೆ-ತೂಕದಲ್ಲಿ ಮೋಸ ಮಾಡುವವರನ್ನು ಕುರ್‌ಆನ್ ಕಠಿಣವಾಗಿ ಎಚ್ಚರಿಸುತ್ತದೆ. ಅದನ್ನು ಓದುವಾಗ ಅಕ್ಕಿ, ಬಟ್ಟೆಯಷ್ಟೇ ನನ್ನ ನೆನಪಿಗೆ ಬರುತ್ತಿತ್ತು. ಎಂಎಎಚ್ ಕೂಡ ಒಂದು ಅಳತೆಯೇ. ಮಾರುವವರು ಅದನ್ನು ಸರಿಯಾಗಿ ಕೊಡಬೇಕು; ಕಲಿತ ನಾವು ಪರೀಕ್ಷಿಸಿ ಕೊಳ್ಳಬೇಕು.

ಈ ವರ್ಷ ಹೊಸ ಬ್ಯಾಟರಿಯನ್ನು ಕಾರ್ಯಕ್ರಮಕ್ಕೆ ಒಂದು ವಾರ ಮೊದಲೇ ಪೂರ್ತಿ ಚಾರ್ಜ್ ಮಾಡಿ, ಖಾಲಿಯಾಗುವವರೆಗೆ ಫೋಟೊ ತೆಗೆದು ನೋಡಿದೆ. ಆ ಪರೀಕ್ಷೆಯ ಮೊದಲ ಫೋಟೊ ತೆಗೆದದ್ದು ಚಾಚಾ ಅವರ ಮನೆಯಂಗಳದಲ್ಲಿ. ಅದೇ ಶಾಲು ಹೊದ್ದು, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು.