ಓದಲು ತಡವರಿಸುವ ಮಗುವಿಗೆ ಮನೆಯ ಮೊಬೈಲ್ ಹೇಗೆ ನೆರವಾದೀತು?

ಐದನೇ ಕ್ಲಾಸಿಗೆ ಬಂದರೂ ಮಗ ಪಾಠ ಓದುವಾಗ ಸಾಲು ಸಾಲಿಗೂ ತಡವರಿಸುತ್ತಾನೆ. ಅದೇ ಪಾಠವನ್ನು ನೀವು ಓದಿ ಹೇಳಿದರೆ ಪ್ರಶ್ನೆಗಳಿಗೆಲ್ಲ ಪಟಪಟನೆ ಉತ್ತರ ಕೊಡುತ್ತಾನೆ. ಇದನ್ನು ಸೋಮಾರಿತನ ಎಂದು ಬೈಯುವ ಮುಂಚೆ ಡಿಸ್ಲೆಕ್ಸಿಯಾ ಎಂಬ ಓದಿನ ತೊಡಕು ಇದ್ದೀತೇ ಎಂದು ತಜ್ಞರ ಹತ್ತಿರ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಇದಕ್ಕೆ ಪರೀಕ್ಷೆಗಳಿವೆ. ಅಪಾಯಿಂಟ್‌ಮೆಂಟ್ ಸಿಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮನೆಯಲ್ಲಿರುವ ಆಂಡ್ರಾಯ್ಡ್ ಫೋನೇ ಸಾಕು, ದುಡ್ಡು ಕೊಟ್ಟು ಯಾವ ಆಪನ್ನೂ ಕೊಳ್ಳಬೇಡಿ.

ಹಂತ 1: ಫೋನಿಗೆ ಕನ್ನಡ ಓದಲು ಕಲಿಸಿ

ಸೆಟ್ಟಿಂಗ್ಸ್‌ನಲ್ಲಿ ‘ಟೆಕ್ಸ್ಟ್ ಟು ಸ್ಪೀಚ್’ ಎಂದು ಹುಡುಕಿ, ಭಾಷೆ ಕನ್ನಡ ಎಂದು ಆರಿಸಿ, ಆ ಭಾಷೆಯ ಧ್ವನಿಯನ್ನು ಡೌನ್‌ಲೋಡ್ ಮಾಡಿಕೊಳ್ಳಿ. ಓದುವ ವೇಗವನ್ನು ಒಂದಿಷ್ಟು ತಗ್ಗಿಸಿ. ಆಮೇಲೆ ಆಕ್ಸೆಸಿಬಿಲಿಟಿಯಲ್ಲಿ, ಆರಿಸಿದ ಬರಹವನ್ನು ಓದಿ ಹೇಳುವ ‘ಸೆಲೆಕ್ಟ್ ಟು ಸ್ಪೀಕ್’ ಆನ್ ಮಾಡಿ. ಫೋನಿನ ಕಂಪನಿ ಬದಲಾದಂತೆ ಇವು ಇರುವ ಜಾಗವೂ ಬದಲಾಗುತ್ತದೆ.

ಹಂತ 2: ಪಠ್ಯಪುಸ್ತಕವನ್ನು ಫೋನಿಗೆ ತನ್ನಿ

ಹೆಚ್ಚಿನವರು ಸೋಲುವುದು ಇಲ್ಲೇ. ಪಠ್ಯಪುಸ್ತಕದ ಪಿಡಿಎಫ್ ತೆರೆದು ಓದಿಸಿದರೆ ಫೋನು ಏನೇನೋ ಒದರುತ್ತದೆ, ಇಲ್ಲವೇ ಬಾಯೇ ಬಿಡುವುದಿಲ್ಲ. ತಪ್ಪು ಫೋನಿನದಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಸಿದ್ಧವಾದ ಕಡತ ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹಾಗಾಗಿ ಪುಸ್ತಕದ ಪುಟವನ್ನೇ ಒಳ್ಳೆಯ ಬೆಳಕಿನಲ್ಲಿ, ನೇರವಾಗಿ ಮೇಲಿನಿಂದ ಫೋಟೋ ತೆಗೆಯಿರಿ. ಗೂಗಲ್ ಲೆನ್ಸ್‌ನಲ್ಲಿ ಅದನ್ನು ತೆರೆದು, ಅಕ್ಷರಗಳನ್ನು ಆರಿಸಿ ಓದಿಸಿ. ಫೋಟೋ ಮಸುಕಾಗಿದ್ದರೆ ಒತ್ತಕ್ಷರಗಳೇ ಮೊದಲು ಕೆಡುತ್ತವೆ. ಒಮ್ಮೆ ನೀವೇ ಕೇಳಿಸಿಕೊಂಡು ಆಮೇಲೆ ಮಗುವಿಗೆ ಕೊಡಿ.

ಹಂತ 3: ಕಿವಿಗೆ ಬೇರೆ ಹೊತ್ತು, ಕಣ್ಣಿಗೆ ಬೇರೆ ಹೊತ್ತು

ಸಮಾಜ, ವಿಜ್ಞಾನದ ಪಾಠಗಳನ್ನು ಮಗು ಕೇಳಿಯೇ ಕಲಿಯಲಿ. ಅಲ್ಲಿ ಬೇಕಿರುವುದು ವಿಷಯ. ಓದಿನ ಅಭ್ಯಾಸಕ್ಕೆ ದಿನಕ್ಕೆ ಹತ್ತು ನಿಮಿಷ ಬೇರೆಯೇ ಇಡಿ, ಅದಕ್ಕೆ ಸಣ್ಣ ಕಥೆಗಳೇ ಇರಲಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಮಗುವಿನ ತರಗತಿ ಯಾವುದಾದರೂ ಇರಲಿ, ಮೊದಲ ಹಂತದ ಕಥೆಯಿಂದಲೇ ಶುರು ಮಾಡಿ.

ಫೋನು ಒಂದು ವಾಕ್ಯ ಓದಲಿ, ಮಗು ಆ ಸಾಲಿನ ಮೇಲೆ ಬೆರಳಾಡಿಸಲಿ, ಆಮೇಲೆ ತಾನೇ ಓದಲಿ. ‘ಸೂರ್ಯ’ ಎಂಬಲ್ಲಿ ಮಗು ನಿಂತುಬಿಡುವುದು ಸಹಜ. ಬಾಯಲ್ಲಿ ‘ರ್’ ಮೊದಲು, ‘ಯ’ ಆಮೇಲೆ. ಬರಹದಲ್ಲಿ ‘ಯ’ ಮೊದಲು, ಅರ್ಕಾವತ್ತು ಅದರ ಬೆನ್ನಿಗೆ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಹೊಟ್ಟೆ ಸೀಳಿದ ಒಂದು ಗೆರೆ ಮಾತ್ರ. ಇಂಥ ಪದ ಬಂದಾಗ ಪರದೆಯ ಮೇಲೆ ಅದನ್ನು ದೊಡ್ಡದು ಮಾಡಿ, ಮತ್ತೆ ಮತ್ತೆ ಓದಿಸಿ. ಫೋನಿಗೆ ಬೇಸರವಿಲ್ಲ. ನಮಗಾದರೆ ನಾಲ್ಕನೇ ಸಲಕ್ಕೆ ದನಿ ಏರಿರುತ್ತದೆ.

ಡಿಸ್ಲೆಕ್ಸಿಯಾಕ್ಕೆಂದೇ ಇರುವ ವಿಶೇಷ ಫಾಂಟು ಹುಡುಕಿ ಹೊತ್ತು ಕಳೆಯಬೇಡಿ. ಹೆಸರಾದ ಓಪನ್‌ಡಿಸ್ಲೆಕ್ಸಿಕ್ ರೋಮನ್ ಲಿಪಿಗಾಗಿ ಮಾಡಿದ್ದು. ಇಂಗ್ಲಿಷಿನಲ್ಲೂ ಅದರಿಂದ ಓದು ಸುಧಾರಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಅಕ್ಷರ ದೊಡ್ಡದಿರಲಿ, ಸಾಲುಗಳ ನಡುವೆ ಜಾಗವಿರಲಿ, ಅಷ್ಟು ಸಾಕು.

ಹಂತ 4: ಹೇಳಿ ಬರೆಸುವುದು

ಜಿಬೋರ್ಡ್ ಕೀಬೋರ್ಡಿಗೆ ಕನ್ನಡ ಸೇರಿಸಿ. ಮೈಕ್ ಒತ್ತಿ ಮಗು ಉತ್ತರ ಹೇಳಿದರೆ ಪರದೆಯ ಮೇಲೆ ಬರಹ ಮೂಡುತ್ತದೆ. ಅದನ್ನು ಫೋನಿನಿಂದಲೇ ಓದಿಸಿ, ತಪ್ಪಿದ್ದಲ್ಲಿ ಮಗುವೇ ತಿದ್ದಲಿ. ಹಳ್ಳಿಯ ಮಾತಿನ ಧಾಟಿಗೆ ಯಂತ್ರ ಆಗಾಗ ಎಡವುತ್ತದೆ, ಅದಕ್ಕೆ ಮಗುವನ್ನು ಗದರಬೇಡಿ.

ಹಂತ 5: ಶಾಲೆಗೆ ಹೇಳಿ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಇದೆ. ಈ ನ್ಯೂನತೆಯ ಪ್ರಮಾಣಪತ್ರ ಸಿಕ್ಕ ಕೂಡಲೇ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮತ್ತು ಬರೆದುಕೊಡುವವರ ನೆರವಿನ ಬಗ್ಗೆ ಮುಖ್ಯ ಶಿಕ್ಷಕರೊಂದಿಗೆ ಮಾತಾಡಿ. ಎಸ್ಸೆಸ್ಸೆಲ್ಸಿ ಹತ್ತಿರ ಬರುವವರೆಗೆ ಕಾಯಬೇಡಿ. ಪರೀಕ್ಷಾ ಕೊಠಡಿಯೊಳಗೆ ಮೊಬೈಲ್ ಬಿಡುವುದಿಲ್ಲ ನಿಜ. ಆದರೆ ಪಕ್ಕದಲ್ಲಿ ಕೂತವರಿಗೆ ಉತ್ತರ ಹೇಳಿ ಬರೆಸುವುದೂ ಒಂದು ಅಭ್ಯಾಸವೇ: ಹೇಳುವ ಮುಂಚೆ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳಬೇಕು, ಒಂದು ಮುಗಿದ ಮೇಲೆ ನಿಲ್ಲಬೇಕು, ಬರೆದದ್ದನ್ನು ಓದಿ ಹೇಳಿ ಎಂದು ಕೇಳಬೇಕು. ನಾಲ್ಕನೇ ಹಂತವನ್ನು ದಿನವೂ ಮಾಡಿದ ಮಗುವಿಗೆ ಇದು ಹೊಸತಲ್ಲ.